ಅರೇ ಪ್ರೋಗ್ರಾಮಿಂಗ್: ಭಾಗಗಳಿಗೆ ಹೆಸರಿಡುವ ಕ್ರಮ

ಅಂಕಿಗಳನ್ನು ಒಂದೊಂದಾಗಿ ಅಲ್ಲದೆ, ಇಡೀ ಕೋಷ್ಟಕವನ್ನೇ ಒಂದು ಘಟಕವೆಂದು ಪರಿಗಣಿಸಿ ಲೆಕ್ಕ ಮಾಡುವ ವಿಧಾನಕ್ಕೆ ಅರೇ ಪ್ರೋಗ್ರಾಮಿಂಗ್ ಎನ್ನುತ್ತಾರೆ. ಕೆನಡಾದ ಗಣಿತಜ್ಞ ಕೆನೆತ್ ಐವರ್ಸನ್ 1962ರಲ್ಲಿ ಪ್ರಕಟಿಸಿದ ಗ್ರಂಥವೇ ಈ ಬಗೆಯ ಎಪಿಎಲ್ ಭಾಷೆಗೆ ಮೂಲ. 1979ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಇಲ್ಲಿ ಹತ್ತಾರು ಸಾಲುಗಳ ಕೆಲಸ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಆದರೆ ಈ ಸಂಕ್ಷಿಪ್ತತೆಯೇ ಓದುವವರಿಗೆ ತೊಡಕು.

ಉದಾಹರಣೆಗೆ, ಬೆಳಗಾವಿ, ಹಿಂಡಲಗಾ, ಖಾನಾಪುರಗಳ ಏಳು ದಿನಗಳ ಮಳೆಯ ಪ್ರಮಾಣವು ಮೂರು ಅಡ್ಡಸಾಲು, ಏಳು ಕಂಬಸಾಲುಗಳ ಕೋಷ್ಟಕದಲ್ಲಿದೆ ಎಂದುಕೊಳ್ಳೋಣ. ಅಡ್ಡಸಾಲುಗಳನ್ನು ಕೂಡಿದರೆ ಪ್ರತಿ ಊರಿನ ವಾರದ ಮಳೆ ದೊರೆಯುತ್ತದೆ. ಕಂಬಸಾಲುಗಳನ್ನು ಕೂಡಿದರೆ ಮೂರೂ ಊರುಗಳ ಆಯಾ ದಿನದ ಮೊತ್ತ. ಎಪಿಎಲ್‌ನಲ್ಲಿ ಮೊದಲನೆಯದು +/, ಎರಡನೆಯದು +⌿. ಓರೆಗೆರೆಯ ಮೇಲಿನ ಪುಟ್ಟ ಅಡ್ಡಗೆರೆಯಷ್ಟೇ ವ್ಯತ್ಯಾಸ. ಚಿಹ್ನೆ ಅದಲುಬದಲಾದರೂ ಕಂಪ್ಯೂಟರ್ ದೋಷವೆನ್ನದೆ ಉತ್ತರ ನೀಡುತ್ತದೆ. ಆ ಉತ್ತರವನ್ನು ನಂಬಿ ನೆರೆಯ ಮುನ್ನೆಚ್ಚರಿಕೆ ನೀಡಿದರೆ ಆಗುವ ಅನಾಹುತವನ್ನು ಊಹಿಸಬಹುದು.

ಆದ್ದರಿಂದ ಉದ್ದನೆಯ ಸಾಲನ್ನು ಬಿಡಿಸಿ, ನಡುವಿನ ಫಲಿತಾಂಶಗಳಿಗೆ 'ಊರುವಾರು_ಮಳೆ', 'ದಿನವಾರು_ಮಳೆ' ಎಂಬಂತಹ ಹೆಸರಿಡುವುದು ಒಳಿತು. ಬರಿಯ 'ಮೊತ್ತ' ಎಂದರೆ ಯಾವುದರ ಮೊತ್ತವೆಂದು ತಿಳಿಯದು. ಹಾಗೆಂದು ಪ್ರತಿ ತುಣುಕಿಗೂ ಹೆಸರು ಬೇಕಿಲ್ಲ. +/÷≢ ಎಂದರೆ ಸರಾಸರಿ ಎಂಬುದನ್ನು ಬಲ್ಲವರು ನೋಡಿದೊಡನೆ ಗುರುತಿಸುತ್ತಾರೆ. ಅರ್ಥ ಬದಲಾಗುವ ಕಡೆ ಹೆಸರಿದ್ದರೆ ಸಾಕು.

2008ರಲ್ಲಿ ಬಿಡುಗಡೆಯಾದ ಪೈಥಾನ್ 3 ಭಾಷೆಯಲ್ಲಿ ಇಂತಹ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದೆಂಬುದು ಗಮನಾರ್ಹ.