ಮಾಳಿಗೆ ಮನೆಯಿಂದ ಮಂಜೂರಾದ ಮನೆಯವರೆಗೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಿದ್ದಲ್ಲ. ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಇತಿಹಾಸದ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಆಡಳಿತ ಮಂಡಳಿಯವರು ಕೇಳಿದರು. ಗುಡಿ, ಶಾಸನ, ದೇಸಗತಿಗಳ ಬಗ್ಗೆ ಬಲ್ಲವರು ಬರೆದಾರು, ನಾವು ಮನೆಯ ಬಗ್ಗೆ ಬರೆಯೋಣ ಎಂದುಕೊಂಡೆವು. ಕಾರಣ ಇಷ್ಟೇ. ಸಂಘದ ಕಟ್ಟೆಯ ಮೇಲೆ ಕುಳಿತರೆ ಬೆಳೆಸಾಲದ ಮಾತಿನಷ್ಟೇ ಮನೆಯ ಮಾತೂ ಕೇಳಿಬರುತ್ತದೆ. ಒಬ್ಬರಿಗೆ ಮನೆ ಮಂಜೂರಾಗಿದೆ, ಜಾಗದ ಕಾಗದವಿಲ್ಲ. ಇನ್ನೊಬ್ಬರ ಗೋಡೆ ಎದ್ದಿದೆ, ಛತ್ತಿಗೆ ದುಡ್ಡಿಲ್ಲ. ಮತ್ತೊಬ್ಬರು ಗಟ್ಟಿಯಾಗಿದ್ದ ಹಳೆಯ ಮನೆಯನ್ನು ಕೆಡವಿ ಎರಡು ವರ್ಷದಿಂದ ತಗಡಿನ ಶೆಡ್ಡಿನಲ್ಲಿದ್ದಾರೆ. ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಿಂದಿನ ಮನೆ

ನಮ್ಮ ಸೀಮೆಯ ಹಳೆಯ ಮನೆ ಎಂದರೆ ಮಾಳಿಗೆ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ ಸೊಪ್ಪು ಹಾಸಿ ಮಣ್ಣಿನ ಮೇಲ್ಮುದ್ದೆ. ಬೆಳಕಿಗೆ ಛತ್ತಿನಲ್ಲೊಂದು ಬೆಳಕಿಂಡಿ. ಬಾಗಿಲು ದಾಟಿ ಒಳಗೆ ಬಂದರೆ ಮೊದಲು ದನಕರು, ಆಮೇಲೆ ಒಂದು ಮೆಟ್ಟಿಲು ಮೇಲೆ ಪಡಸಾಲೆ, ಅದರಾಚೆ ಅಡುಗೆ ಮನೆ. ಎಪ್ರಿಲ್ ಮೇ ತಿಂಗಳ ಬಿಸಿಲಿನಲ್ಲೂ ಪಡಸಾಲೆಯಲ್ಲಿ ಮಲಗಿದರೆ ತಣ್ಣಗೆ ನಿದ್ದೆ ಬರುತ್ತಿತ್ತು.

ಆ ಮನೆಗೆ ದುಡ್ಡು ಹೆಚ್ಚು ಬೇಕಿರಲಿಲ್ಲ, ಜನ ಬೇಕಿತ್ತು. ಮಣ್ಣು ಊರಿನದೇ, ಕಲ್ಲು ಗುಡ್ಡದ್ದೇ, ಕಟ್ಟಿಗೆ ಹೊಲದ ಬದುವಿನದೇ. ಬಡಿಗೇರರಿಗೆ ಸುಗ್ಗಿಯಲ್ಲಿ ಕಾಳು ಕೊಡುವ ರೂಢಿ. ತೊಲೆ ಏರಿಸುವ ದಿನ ಓಣಿಯವರೆಲ್ಲ ಕೈ ಹಚ್ಚುತ್ತಿದ್ದರು, ಇವತ್ತು ಇವರದು, ನಾಳೆ ನಮ್ಮದು. ಮುಯ್ಯಾಳು ಎಂದರೆ ಅದೇ. ಸಹಕಾರ ಎಂಬ ಶಬ್ದ ಬರುವ ಮೊದಲೇ ಸಹಕಾರ ಇತ್ತು.

ಆದರೆ ಹಳೆಯದೆಲ್ಲ ಚೆಂದವಿತ್ತು ಎಂದು ಹೇಳುವುದು ಸರಿಯಲ್ಲ. ಮಾಳಿಗೆ ಮನೆ ಇದ್ದದ್ದು ಒಕ್ಕಲು ಮನೆತನಗಳಿಗೆ. ಊರ ಹೊರಗಿನ ಕೇರಿಯವರಿಗೆ, ಕೂಲಿಯವರಿಗೆ ಇದ್ದದ್ದು ಗುಡಿಸಲು. ಎಷ್ಟೋ ಕಡೆ ಗುಡಿಸಲು ನಿಂತ ನೆಲವೂ ಅವರದಾಗಿರಲಿಲ್ಲ. ಮಾಳಿಗೆ ಮನೆಯವರಿಗೂ ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಮೇಲೆ ಮಣ್ಣು ಹಾಕುವ ಕೆಲಸ ತಪ್ಪುತ್ತಿರಲಿಲ್ಲ. ಹೀಗೆ ವರ್ಷ ವರ್ಷ ಹಾಕಿದ ಮಣ್ಣು ದಪ್ಪವಾಗಿ ತೊಲೆಯ ಮೇಲೆ ಭಾರ ಕೂಡುತ್ತ ಹೋಯಿತು. ಬದುವಿನ ಗಿಡಗಳು ಕಡಿಮೆಯಾದವು. ಮನೆ ಪಾಲಾದಾಗ ನಡುವೆ ಗೋಡೆ ಬಂತು, ಒಂದು ಪಾಲಿಗೆ ಬೆಳಕಿಂಡಿ, ಇನ್ನೊಂದು ಪಾಲಿಗೆ ಕತ್ತಲೆ.

ಕರಾವಳಿ ಕಡೆ ಬೇರೆ ರೀತಿಯ ಬದಲಾವಣೆ ಆಯಿತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಅಲ್ಲಿಂದ ಮಂಗಳೂರು ಹಂಚು ದೇಶವೆಲ್ಲ ಹೋಯಿತು. ಸೋಗೆ, ಹುಲ್ಲು ಹೊದಿಸಿದ ಮನೆಗಳಿಗೆ ಬೆಂಕಿಯ ಭಯ ಕಡಿಮೆಯಾಯಿತು. ಜೋರು ಮಳೆಯ ನಾಡಿಗೆ ಇಳಿಜಾರು ಹಂಚು, ಬಿಸಿಲು ನಾಡಿಗೆ ದಪ್ಪ ಮಾಳಿಗೆ. ಮನೆಯ ರೀತಿಯನ್ನು ಆಯಾ ಸೀಮೆಯ ಮಳೆ, ಮಣ್ಣು, ಕಸುಬು ನಿರ್ಧರಿಸುತ್ತಿದ್ದವು.

ಸಹಕಾರದಿಂದ ಸೂರು

ನಮಗೆ ಹೆಮ್ಮೆಯ ವಿಷಯವೆಂದರೆ, 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಮನೆ ಕಟ್ಟುವ ಸಹಕಾರ ಸಂಘಕ್ಕೂ ಕನ್ನಡ ನಾಡೇ ತವರು. 1909ರಲ್ಲಿ ಬೆಂಗಳೂರಿನಲ್ಲಿ ಕಟ್ಟಡ ಸಹಕಾರ ಸಂಘ ಸ್ಥಾಪನೆಯಾಯಿತು. ದೇಶದಲ್ಲಿ ಅಂಥದ್ದು ಅದೇ ಮೊದಲನೆಯದು ಎನ್ನುತ್ತಾರೆ.

ಆದರೆ ಈ ಎರಡು ಹೊಳೆಗಳು ಒಂದಾಗಲಿಲ್ಲ. ಹಳ್ಳಿಯ ಸಂಘ ಬೀಜ, ಗೊಬ್ಬರ, ಬೆಳೆಸಾಲಕ್ಕೆ ನಿಂತಿತು. ಮನೆಯ ಸಂಘ ಪಟ್ಟಣದ ಸಂಬಳದಾರರ ನಡುವೆ ಬೆಳೆಯಿತು. ತಿಂಗಳ ಪಗಾರ ಇದ್ದವರಿಗೆ ತಿಂಗಳ ಕಂತು ಕಟ್ಟುವುದು ಸುಲಭ, ಜಾಗಕ್ಕೆ ಕಾಗದ ಇದ್ದವರಿಗೆ ಸಾಲ ಹುಟ್ಟುವುದು ಸುಲಭ. ನಮ್ಮ ರೈತನಿಗೆ ವರ್ಷಕ್ಕೆ ಒಮ್ಮೆ ಎರಡು ಸಲ ದುಡ್ಡು, ಗಾಂವಠಾಣದ ಮನೆಗೆ ಅಜ್ಜನ ಹೆಸರಿನ ಉತಾರ. ಇಲ್ಲಿಯೇ ಗಂಟು ಬಿದ್ದಿತು.

ಸರಕಾರದ ಮನೆ

1970ರಲ್ಲಿ ಮನೆ ಮತ್ತು ಪಟ್ಟಣಗಳ ಕೆಲಸಕ್ಕೆ ಸಾಲ ಕೊಡಲು ಹುಡ್ಕೋ ಸಂಸ್ಥೆ ಬಂತು. ನಮ್ಮ ಹಳ್ಳಿಗಳಿಗೆ ಜನತಾ ಮನೆಗಳು ಬಂದವು. 1985-86ರಲ್ಲಿ ಕೇಂದ್ರದ ಇಂದಿರಾ ಆವಾಸ್, 1991-92ರಲ್ಲಿ ರಾಜ್ಯದ ಆಶ್ರಯ ಯೋಜನೆ. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಆರಂಭವಾಯಿತು. 2016ರಲ್ಲಿ ಇಂದಿರಾ ಆವಾಸ್ ಇದ್ದ ಜಾಗಕ್ಕೆ ಪ್ರಧಾನ ಮಂತ್ರಿ ಗ್ರಾಮೀಣ ಆವಾಸ್ ಬಂದು, ಬಯಲು ಸೀಮೆಗೆ ಒಂದು ಮನೆಗೆ 1.20 ಲಕ್ಷ ರೂಪಾಯಿ, ಗುಡ್ಡಗಾಡಿಗೆ 1.30 ಲಕ್ಷ ಎಂದು ಗೊತ್ತುಮಾಡಿದರು. ಮನೆ ಕಡಿಮೆ ಎಂದರೆ 25 ಚದರ ಮೀಟರ್ ಇರಬೇಕು.

ಈ ಯೋಜನೆಗಳಿಂದ ಉಪಕಾರ ಆಗಿಲ್ಲವೆಂದರೆ ಅದು ಕೃತಘ್ನತೆ. ನಾಲ್ಕು ತಲೆಮಾರು ಗುಡಿಸಲಲ್ಲಿದ್ದವರು ಮೊದಲ ಸಲ ಕೀಲಿ ಹಾಕುವ ಬಾಗಿಲು ಕಂಡದ್ದು ಇವುಗಳಿಂದಲೇ. ಎಷ್ಟೋ ಹೆಣ್ಣುಮಕ್ಕಳ ಹೆಸರಿಗೆ ಆಸ್ತಿ ಎಂಬುದು ಬಂದದ್ದೂ ಇವುಗಳಿಂದಲೇ.

ತೊಂದರೆ ಎಲ್ಲಿ ಎಂದರೆ, ದುಡ್ಡು ಕಂತಿನಲ್ಲಿ ಬರುತ್ತದೆ. ಪಾಯ ಮುಗಿದ ಮೇಲೆ ಒಂದು, ಗೋಡೆ ಎದ್ದ ಮೇಲೆ ಒಂದು, ಛತ್ತು ಬಿದ್ದ ಮೇಲೆ ಒಂದು. ಲೆಕ್ಕ ಸರಿಯಾದದ್ದೇ, ಇಲ್ಲವಾದರೆ ದುಡ್ಡು ಮದುವೆಗೋ ಆಸ್ಪತ್ರೆಗೋ ಹೋದೀತು. ಆದರೆ ಮೊದಲು ಕಟ್ಟಬೇಕು, ಆಮೇಲೆ ದುಡ್ಡು. ಕಟ್ಟುವುದಕ್ಕೆ ಕೈಯಲ್ಲಿ ಇರುವವನು ಬಡವನೇ ಅಲ್ಲ. ಆದ್ದರಿಂದ ಬಡವ ಕೈಗಡ ತರುತ್ತಾನೆ. ಕಂತು ತಡವಾದರೆ ಬಡ್ಡಿ ಬೆಳೆಯುತ್ತದೆ, ಮನೆ ನಿಲ್ಲುತ್ತದೆ. ತಾಂಡಾ, ಹಟ್ಟಿಗಳಲ್ಲಿ ತೊಂದರೆ ಇನ್ನೂ ಮೊದಲೇ ಶುರು. ಹಕ್ಕುಪತ್ರವಿಲ್ಲದೆ ಅರ್ಜಿಯೇ ಇಲ್ಲ. 2017ರಲ್ಲಿ ಭೂ ಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ಅಲ್ಲಿ ವಾಸ ಮಾಡುವವರಿಗೆ ಜಾಗದ ಹಕ್ಕು ಸಿಗುವ ದಾರಿ ತೆರೆಯಿತು. 2023ರ ಜನವರಿಯಲ್ಲಿ ಮಳಖೇಡದ ಒಂದೇ ಸಮಾರಂಭದಲ್ಲಿ ಸುಮಾರು ಐವತ್ತು ಸಾವಿರ ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಅಷ್ಟು ವರ್ಷ ಆ ಕುಟುಂಬಗಳು ತಮ್ಮದೇ ಮನೆಯಲ್ಲಿ ಕಾಗದವಿಲ್ಲದೆ ಬಾಳಿದ್ದರು ಎಂಬುದನ್ನು ನಾವು ಮರೆಯಬಾರದು.

ಬಿದ್ದ ಮನೆಗಳು ಕಲಿಸಿದ ಪಾಠ

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಮ್ಮ ಗಡಿಯಾಚೆಯ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಭೂಕಂಪವಾಗಿ ಕಿಲ್ಲಾರಿ ಮೊದಲಾದ ಹಳ್ಳಿಗಳು ನೆಲಸಮವಾದವು. ಸಾವಿರಾರು ಜನ ಮಲಗಿದಲ್ಲೇ ಹೋದರು. ಮನೆಗಳು ಬಹುಮಟ್ಟಿಗೆ ನಮ್ಮಂಥವೇ, ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಭಾರ. ಮಣ್ಣು ಕೆಟ್ಟದ್ದು ಎಂಬ ಮಾತು ಅಂದಿನಿಂದ ಜನರ ಮನಸ್ಸಿನಲ್ಲಿ ಗಟ್ಟಿಯಾಯಿತು. ಆದರೆ 2001ರ ಜನವರಿ 26ರಂದು ಗುಜರಾತಿನ ಕಛ್‌ನಲ್ಲಿ ಭೂಕಂಪವಾದಾಗ, ಮಣ್ಣಿನ ಗೋಡೆ, ಹುಲ್ಲಿನ ಹೊದಿಕೆಯ ದುಂಡನೆಯ ಭುಂಗಾ ಮನೆಗಳು ಅನೇಕ ಕಡೆ ಹಾಗೆಯೇ ನಿಂತಿದ್ದವು. ಗೋಡೆ ದುಂಡಗೆ, ಮೇಲಿನ ಹೊದಿಕೆ ಹಗುರ. ಅಂದಮೇಲೆ ದೋಷ ಮಣ್ಣಿನದಲ್ಲ, ಮೂಲೆಯಲ್ಲಿ ಕೊಂಡಿಯಿಲ್ಲದ ಗೋಡೆಯದು ಮತ್ತು ತಲೆಯ ಮೇಲಿನ ಭಾರದ್ದು.

ಇನ್ನು 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ, ನೆರೆಯನ್ನು ನಮ್ಮ ಓದುಗರಿಗೆ ನೆನಪಿಸಬೇಕಿಲ್ಲ. ನೀರು ಬಂದು ಹೋಯಿತು, ಆಮೇಲೆ ಬಿಸಿಲಿಗೆ ಗೋಡೆಗಳು ಬಾಯಿ ಬಿಟ್ಟವು. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಆಸರೆ ಎಂಬ ಹೆಸರಿನಲ್ಲಿ ಸರಕಾರ ಮತ್ತು ದಾನಿಗಳು ಸೇರಿ ಎತ್ತರದ ಜಾಗಗಳಲ್ಲಿ ಹೊಸ ಮನೆ ಕಟ್ಟಿಸಿದರು. ಉದ್ದೇಶ ದೊಡ್ಡದು. ಆದರೂ ಹಲವು ಕಡೆ ಹೊಸ ಮನೆಗಳಿಗೆ ಬಹಳ ದಿನ ಜನ ಬರಲಿಲ್ಲ. ನಮ್ಮ ಪರಿಚಯದ ಒಬ್ಬ ಅಜ್ಜಿಯನ್ನು ಯಾಕವ್ವ ಎಂದು ಕೇಳಿದೆವು. "ಮನಿ ಛಲೋ ಐತಿ ತಮ್ಮಾ. ಆದ್ರ ಎಮ್ಮಿ ಎಲ್ಲಿ ಕಟ್ಟಲಿ? ಕಣಕಿ ಎಲ್ಲಿ ಒಟ್ಟಲಿ? ಹೊಲಕ್ಕ ಹೋಗಿ ಬರೂದ್ರಾಗ ಹೊತ್ತು ಮುಣಗತೈತಿ" ಎಂದಳು. ಎಲ್ಲ ಯೋಜನೆಗಳಿಗೂ ಈ ಮೂರು ಪ್ರಶ್ನೆ ಸಾಕು.

ಇದು ನಮ್ಮಲ್ಲಿ ಮಾತ್ರವಲ್ಲ. ಈಜಿಪ್ಟಿನಲ್ಲಿ 1940ರ ದಶಕದಲ್ಲಿ ಹಸನ್ ಫತಿ ಎಂಬ ದೊಡ್ಡ ವಾಸ್ತುಶಿಲ್ಪಿ ಬಡವರಿಗಾಗಿ ಮಣ್ಣಿನ ಇಟ್ಟಿಗೆಯಲ್ಲೇ ನ್ಯೂ ಗುರ್ನಾ ಎಂಬ ಸುಂದರ ಹಳ್ಳಿ ಕಟ್ಟಿದ. ಆದರೆ ಹಳೆಯ ಗುರ್ನಾದ ಹೆಚ್ಚಿನವರು ಅಲ್ಲಿಗೆ ಹೋಗಲೊಪ್ಪಲಿಲ್ಲ, ಊರು ಅರ್ಧಕ್ಕೇ ನಿಂತಿತು. ಅವರ ಬದುಕು ಇದ್ದದ್ದು ಹಳೆಯ ಗೋರಿಗಳ ಗುಡ್ಡದ ಮೇಲೆ. ಮನೆ ಎಷ್ಟೇ ಅಗ್ಗವಾಗಲಿ, ಚೆಂದವಾಗಲಿ, ಹೊಟ್ಟೆಯಿಂದ ದೂರವಾದರೆ ಜನ ಹೋಗುವುದಿಲ್ಲ.

ಮಣ್ಣೆಂದರೆ ಬಡತನವೇ?

ಕಡಿಮೆ ಖರ್ಚಿನಲ್ಲಿ ಗಟ್ಟಿ ಮನೆಗೆ ದಾರಿ ತೋರಿಸಿದವರು ನಮ್ಮಲ್ಲೇ ಇದ್ದಾರೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಅಸ್ತ್ರ ಎಂಬ ವಿಭಾಗ ಕಟ್ಟಿದರು. ಅಲ್ಲಿ ಕೆ. ಎಸ್. ಜಗದೀಶ್ ಮೊದಲಾದವರು ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಭಾಗ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿದರು. ಭಟ್ಟಿ ಬೇಡ, ಸುಡುವ ಕಟ್ಟಿಗೆ ಬೇಡ, ನೀರು ಹೊಡೆದು ಮೂರು ನಾಲ್ಕು ವಾರ ಇಟ್ಟರೆ ಸಾಕು. ಕೇರಳದಲ್ಲಿ ಲಾರಿ ಬೇಕರ್ ಎಂಬವರು ಇಟ್ಟಿಗೆಯನ್ನು ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಗೋಡೆ ಕಟ್ಟಿ ಸುಮಾರು ಕಾಲುಭಾಗ ಇಟ್ಟಿಗೆ ಉಳಿಸಿದರು. ಸ್ಲ್ಯಾಬಿನ ಕೆಳಭಾಗದಲ್ಲಿ ಹಳೆಯ ಹಂಚು ಇಟ್ಟು ಕಾಂಕ್ರೀಟು ಉಳಿಸಿದರು. ಮನೆಯ ಸಾಮಾನು ಐದು ಮೈಲಿ ಒಳಗೆ ಸಿಗುವಂಥದ್ದಾಗಿರಬೇಕು ಎಂದು ಗಾಂಧೀಜಿಯವರು ಹೇಳಿದ್ದನ್ನು ಅವರು ಜೀವನವಿಡೀ ನೆನೆಯುತ್ತಿದ್ದರು.

ಹಾಗಾದರೆ ಎಲ್ಲರೂ ಯಾಕೆ ಹೀಗೆ ಕಟ್ಟುವುದಿಲ್ಲ? ಮೊದಲನೆಯದಾಗಿ, ಎಲ್ಲ ಮಣ್ಣೂ ಬರುವುದಿಲ್ಲ. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವಂಥದ್ದು. ಅದರಲ್ಲಿ ಇಟ್ಟಿಗೆಯೂ ಆಗದು, ಅದರ ಮೇಲೆ ಹಗುರ ಪಾಯವೂ ನಿಲ್ಲದು. ಕೆಂಪು ಮಣ್ಣು, ಗರಸು ತರಬೇಕು. ಎರಡನೆಯದಾಗಿ, ಕಲಿತ ಗೌಂಡಿಗಳು ಇಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಮಾನದ ಪ್ರಶ್ನೆ. ಇಂಥ ಮನೆಯ ಮಾತು ತೆಗೆದಾಗ ಕೇರಿಯ ಹಿರಿಯರೊಬ್ಬರು ನಮ್ಮನ್ನೇ ಕೇಳಿದರು: "ನಮ್ಮ ಮುತ್ಯಾ ಮಣ್ಣಾಗ ಇದ್ದ, ಅಪ್ಪ ಮಣ್ಣಾಗ ಇದ್ದ. ನೀವು ಸ್ಲ್ಯಾಬಿನ ಮನ್ಯಾಗ ಕುಂತು ನಮಗ ಮಣ್ಣು ಛಲೋ ಅಂತೀರೇನ್ರಿ?" ನಮಗೆ ಉತ್ತರ ಬರಲಿಲ್ಲ. ಅನುಕೂಲಸ್ಥರು ಮೊದಲು ತಾವು ಕಟ್ಟಿ ತೋರಿಸದೆ ಬಡವರಿಗೆ ಉಪದೇಶ ಮಾಡಬಾರದು ಎಂಬುದನ್ನು ಅಂದು ಕಲಿತೆವು.

ನಮ್ಮ ಸಂಘ ಏನು ಮಾಡಬಹುದು?

ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕು 1984ರಿಂದ ತನ್ನ ಬಡ ಸದಸ್ಯರಿಗೆ ಮನೆಸಾಲ ಕೊಟ್ಟಿತು. ನಾಲ್ಕು ಕಾಂಕ್ರೀಟು ಕಂಬ, ತಗಡು, ಒಂದು ಪಾಯಖಾನೆ ಕೊಡುವುದು, ಗೋಡೆಯನ್ನು ಅವರವರ ಶಕ್ತಿಯಂತೆ ಕಟ್ಟಿಕೊಳ್ಳುವುದು. ಆದರೆ ಜಾಗ ಹೆಣ್ಣುಮಗಳ ಹೆಸರಿಗೆ ಇರಲೇಬೇಕು. 1989ರಲ್ಲಿ ಈ ಕೆಲಸಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ದೂರದ ಉರುಗ್ವೆ ದೇಶದಲ್ಲಿ 1968ರ ವಸತಿ ಕಾಯ್ದೆಯ ಆಧಾರದ ಮೇಲೆ ಪರಸ್ಪರ ನೆರವಿನ ಮನೆ ಸಂಘಗಳು ಬೆಳೆದವು. ಅಲ್ಲಿ ಪ್ರತಿ ಕುಟುಂಬ ವಾರಕ್ಕೆ ಸುಮಾರು 21 ತಾಸು ಎಲ್ಲರ ಮನೆಗಾಗಿ ದುಡಿಯಬೇಕು. ನಮ್ಮ ಮುಯ್ಯಾಳು ಪದ್ಧತಿಯೇ ಅಲ್ಲಿ ಕಾಯ್ದೆಯಾಗಿ ನಿಂತಿದೆ!

ಸಹಕಾರಿ ಬಂಧುಗಳೇ, ದೊಡ್ಡ ಮಾತು ಬೇಡ. ಮುಂದಿನ ಮಹಾಸಭೆಯ ಮುಂದೆ ನಾವು ನಾಲ್ಕೇ ವಿಷಯ ಇಡುತ್ತೇವೆ. ಮನೆ ಮಂಜೂರಾದ ಸದಸ್ಯರಿಗೆ, ಕಂತು ಬರುವವರೆಗೆ, ಕಾಯ್ದೆಗೆ ಒಳಪಟ್ಟು ಸಣ್ಣ ಸಾಲ ಕೊಡಬಹುದೇ? ಔಷಧ ಹೊಡೆಯುವ ಪಂಪನ್ನು ಬಾಡಿಗೆಗೆ ಕೊಡುವಂತೆ, ಸೆಂಟ್ರಿಂಗ್ ಸಾಮಾನು ಮತ್ತು ಒಂದು ಇಟ್ಟಿಗೆ ಒತ್ತುವ ಯಂತ್ರವನ್ನು ಸಂಘದಿಂದ ಇಡಬಹುದೇ? ಊರಿನ ನಾಲ್ವರು ಗೌಂಡಿಗಳನ್ನು ತರಬೇತಿಗೆ ಕಳಿಸಬಹುದೇ? ಕೊನೆಯದಾಗಿ, ಗಟ್ಟಿಯಿರುವ ಮಾಳಿಗೆ ಮನೆಗಳನ್ನು ಕೆಡವದೆ, ಮೇಲಿನ ಮಣ್ಣಿನ ಭಾರ ಇಳಿಸಿ, ಮೂಲೆಗಳನ್ನು ಬಿಗಿದು, ಕಿಟಕಿ ಇಟ್ಟು ದುರಸ್ತಿ ಮಾಡಿಕೊಳ್ಳುವವರಿಗೆ ಆಸರೆಯಾಗಬಹುದೇ?

ಮೊದಲ ಯಂತ್ರದ ಮೊದಲ ಇಟ್ಟಿಗೆಯಲ್ಲಿ ಸಂಘದ ಗೋದಾಮಿನ ಮುಂದಿನ ಕೋಣೆ ಏಳಲಿ. ಅನುಕೂಲಸ್ಥ ಸದಸ್ಯರೊಬ್ಬರು ತಮ್ಮ ಮನೆಯನ್ನೂ ಹಾಗೆಯೇ ಕಟ್ಟಲಿ. ಆಮೇಲೆ ಕೇರಿಯ ಆ ಹಿರಿಯರನ್ನು ಕರೆದು ಒಳಗೆ ಕೂಡಿಸಿ, ಚಹಾ ಕೊಟ್ಟು, ಹೇಗಿದೆ ಎಂದು ಕೇಳೋಣ. ಅವರು ಏನು ಹೇಳುತ್ತಾರೋ ಅದನ್ನು ಠರಾವಿನಲ್ಲಿ ಬರೆಯೋಣ.