ಆದೋನಿಯ ಹತ್ತಿ, ಅಮೆರಿಕದ ಗುಲಾಮರು



ಆದೋನಿ ಮಾರ್ಕೆಟ್ ಯಾರ್ಡಿಗೆ ಹತ್ತಿ ಹೇರಿಕೊಂಡು ಬರುವ ಗಾಡಿಗಳು ನಮಗೆಲ್ಲ ಗೊತ್ತು. ಈ ಹತ್ತಿಗೂ ಅಮೆರಿಕದ ಗುಲಾಮರ ಬಿಡುಗಡೆಯ ಹೋರಾಟಕ್ಕೂ ಹಳೆಯ ನಂಟೊಂದಿದೆ.

1860ರ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ದಕ್ಷಿಣದ ರಾಜ್ಯಗಳ ಹತ್ತಿ ಹೊಲಗಳು ನಡೆಯುತ್ತಿದ್ದದ್ದು ಅವರ ದುಡಿಮೆಯ ಮೇಲೆ. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯ ಮುಕ್ಕಾಲು ಪಾಲು ಅಲ್ಲಿಂದಲೇ ಬರುತ್ತಿತ್ತು. ಗುಲಾಮಗಿರಿಯನ್ನು ಸಮರ್ಥಿಸುವವರೂ ವಿರೋಧಿಸುವವರೂ ಓದುತ್ತಿದ್ದದ್ದು ಒಂದೇ ಬೈಬಲ್. ಆದರೆ 1688ರಲ್ಲೇ ಪೆನ್ಸಿಲ್ವೇನಿಯಾದ ಜರ್ಮನ್‌ಟೌನಿನಲ್ಲಿ ನಾಲ್ವರು ಇದು ತಪ್ಪೆಂದು ಬರೆದು ತಮ್ಮ ಕ್ವೇಕರ್ ಸಭೆಯ ಮುಂದಿಟ್ಟರು. 1831ರಲ್ಲಿ ವಿಲಿಯಂ ಲಾಯ್ಡ್ ಗ್ಯಾರಿಸನ್ ‘ಲಿಬರೇಟರ್’ ಪತ್ರಿಕೆ ಆರಂಭಿಸಿದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ ಊರೂರು ತಿರುಗಿ ತಮ್ಮ ಕಥೆ ಹೇಳಿದರು. ಇನ್ನು ಕೆಲವರು ಗುಲಾಮರು ಬೆಳೆದ ಸಕ್ಕರೆ, ಹತ್ತಿಯನ್ನು ಕೊಳ್ಳುವುದನ್ನೇ ಬಿಟ್ಟರು.

ಹಾಗಾದರೆ ಹತ್ತಿ ಎಲ್ಲಿಂದ ತರಬೇಕು? ಇಂಗ್ಲೆಂಡಿನ ಜಾರ್ಜ್ ಥಾಂಪ್ಸನ್ ಮತ್ತು ಗೆಳೆಯರು ಭಾರತದತ್ತ ನೋಡಿದರು. 1839ರಲ್ಲಿ ಬ್ರಿಟಿಷ್ ಇಂಡಿಯಾ ಸೊಸೈಟಿ ಕಟ್ಟಿ, ಇಲ್ಲಿನ ರೈತರ ಕಂದಾಯ ಇಳಿಸಿದರೆ ಅವರ ಹತ್ತಿಯೇ ಗುಲಾಮರ ಹತ್ತಿಯನ್ನು ಹಿಂದಿಕ್ಕುತ್ತದೆ ಎಂದರು. ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ನಮ್ಮ ಆದೋನಿಯೂ ಕಂಪನಿ ಸರ್ಕಾರದ ಕೈಕೆಳಗೇ ಇತ್ತು.

ಆದರೆ ಭಾರತದಲ್ಲೂ ಗುಲಾಮರಿದ್ದರು. ಬ್ರಿಟಿಷ್ ವಸಾಹತುಗಳ ಗುಲಾಮರನ್ನು ಬಿಡಿಸಿದ 1833ರ ಕಾಯಿದೆ ಕಂಪನಿಯ ನೆಲವನ್ನು ಹೊರಗಿಟ್ಟಿತ್ತು. 1843ರ 5ನೇ ಕಾಯಿದೆ ಬಂದ ಮೇಲೆಯೇ ಇಲ್ಲಿನ ನ್ಯಾಯಾಲಯಗಳು ಗುಲಾಮರ ಮೇಲೆ ಒಡೆಯನ ಹಕ್ಕನ್ನು ಮಾನ್ಯ ಮಾಡುವುದನ್ನು ನಿಲ್ಲಿಸಿದವು. ಆದರೂ ಸಾಲದ ಜೀತ ಉಳಿಯಿತು. ಅದನ್ನು ನಿಷೇಧಿಸಲು 1976ರ ಕಾಯಿದೆ ಬೇಕಾಯಿತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಿತು, ಇಲ್ಲಿ ಬೆಲೆ ಏರಿತು. 1865ರಲ್ಲಿ ಯುದ್ಧ ಮುಗಿದು ಗುಲಾಮಗಿರಿ ಅಳಿಯಿತು. ನಮ್ಮ ಹತ್ತಿಯ ಬೆಲೆಯೂ ಬಿತ್ತು.

ಈಗ ನಮ್ಮ ಕಾಲಕ್ಕೆ ಬರೋಣ. ಕರ್ನೂಲು ಜಿಲ್ಲೆಯ ಹತ್ತಿಬೀಜದ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ, ಅಪ್ಪ ಅಮ್ಮ ಪಡೆದ ಮುಂಗಡದ ಲೆಕ್ಕದಲ್ಲಿ, ಶಾಲೆ ಬಿಟ್ಟ ಹೆಣ್ಣುಮಕ್ಕಳು ದುಡಿದದ್ದು ದಾಖಲಾಗಿದೆ. ಸಾಲ ತಂದೆಯದು, ದುಡಿಮೆ ಮಗಳದು. ಇದನ್ನು ಏನೆಂದು ಕರೆಯೋಣ?

ಆ ಕ್ವೇಕರರ ಕೈಯಲ್ಲಿ ಅಧಿಕಾರವಿರಲಿಲ್ಲ; ತಪ್ಪನ್ನು ತಪ್ಪೆನ್ನುವ ಧೈರ್ಯವಷ್ಟೇ ಇತ್ತು. ಈ ವರ್ಷ ನಮ್ಮ ಓಣಿಯಿಂದ ಗುಳೆ ಹೋಗುವ ಮನೆಗಳ ಮಕ್ಕಳು ಶಾಲೆಯಲ್ಲೇ ಉಳಿಯುವಂತೆ ನೋಡಿಕೊಳ್ಳೋಣ. ಮಗುವೊಂದು ಮುಂಗಡಕ್ಕೆ ದುಡಿಯುವುದು ಕಂಡರೆ 1098ಕ್ಕೆ ಕರೆ ಮಾಡೋಣ.