ಊಟದ ಮೇಜಿನ ಮೇಲೊಂದು ಬ್ಯಾಂಕು

ಬ್ಯಾಂಕೇ ಇಲ್ಲದ ಊರಲ್ಲಿ ಕೈತುಂಬ ದುಡ್ಡಿದ್ದವರು ಅದನ್ನು ಎಲ್ಲಿಡುತ್ತಿದ್ದರು? ಹದಿನೇಳನೇ ಶತಮಾನದ ಬೋಸ್ಟನ್ ವ್ಯಾಪಾರಿಗಳ ಉತ್ತರ ನನಗೆ ಬಹಳ ಹಿಡಿಸಿತು: ಊಟದ ಮೇಜಿನ ಮೇಲೆ!

ಅಮೆರಿಕ ಆಗಿನ್ನೂ ಬ್ರಿಟಿಷರ ವಸಾಹತು. ಅಲ್ಲಿನ ಮೊದಲ ವಾಣಿಜ್ಯ ಬ್ಯಾಂಕಿಗೆ ಸನ್ನದು ಸಿಕ್ಕಿದ್ದೇ 1781ರಲ್ಲಿ. ಕೈಗೆ ಬರುತ್ತಿದ್ದ ಬೆಳ್ಳಿ ಹೆಚ್ಚಾಗಿ ಸ್ಪೇನಿನ ನಾಣ್ಯಗಳ ರೂಪದಲ್ಲಿ. ನಾಣ್ಯಕ್ಕೆ ಗುರುತಿಲ್ಲ, ಕಳುವಾದರೆ ಹೋಯಿತು. ಅದನ್ನೇ ಅಕ್ಕಸಾಲಿಗನಿಗೆ ಕೊಟ್ಟು ಲೋಟ, ತಟ್ಟೆ, ಚಮಚ ಮಾಡಿಸಿದರೆ? ಮನೆತನದ ಲಾಂಛನವನ್ನೋ ಗಂಡ-ಹೆಂಡತಿಯ ಹೆಸರಿನ ಮೊದಲಕ್ಷರಗಳನ್ನೋ ಕೆತ್ತಿಸಬಹುದು, ಜೊತೆಗೆ ಅಕ್ಕಸಾಲಿಗನ ಮುದ್ರೆ. ಕಳ್ಳ ಮಾರಲು ಹೊರಟರೆ ಗುರುತು ಸಿಗುತ್ತದೆ. ನೆಂಟರೆದುರು ಜಂಬವೂ ಆಯ್ತು. ಕಷ್ಟ ಬಂದರೆ ಕರಗಿಸಿದರಾಯ್ತು. ನಮ್ಮಂಥ ಸಾಫ್ಟ್‌ವೇರ್ ಮಂದಿಯ ಭಾಷೆಯಲ್ಲಿ ಹೇಳುವುದಾದರೆ, ಡೇಟಾ ಅದೇ, ಫಾರ್ಮ್ಯಾಟ್ ಮಾತ್ರ ಬೇರೆ :-)

ಜಾನ್ ಹಲ್‌ನ ಕಥೆ ಕೇಳಿ. 1652ರಲ್ಲಿ ಮ್ಯಾಸಚೂಸೆಟ್ಸ್ ಆಡಳಿತ ಬೋಸ್ಟನ್ನಿನಲ್ಲಿ ಟಂಕಸಾಲೆ ತೆರೆದು ಇವನ ಕೈಗೆ ಕೊಟ್ಟಿತು. ಜೊತೆಗಾರ ರಾಬರ್ಟ್ ಸ್ಯಾಂಡರ್ಸನ್. ಇಬ್ಬರೂ ಅಕ್ಕಸಾಲಿಗರೇ. ಅದೇ ಕೈಗಳಲ್ಲಿ ನಾಣ್ಯವೂ ಆಗುತ್ತಿತ್ತು, ಬಟ್ಟಲೂ ಆಗುತ್ತಿತ್ತು.

ಈ ಪಾತ್ರೆಗಳು ಅಪರೂಪವಾಗಿರುವುದಕ್ಕೂ ಇದೇ ಕಾರಣ. ದುಡ್ಡು ಬೇಕಾದಾಗ, ಫ್ಯಾಷನ್ ಬದಲಾದಾಗ ಕರಗಿಸಿಬಿಟ್ಟರು. ಜಾನ್ ಕೋನಿ, ಎಡ್ವರ್ಡ್ ವಿನ್‌ಸ್ಲೋ ಮುಂತಾದವರು ಮಾಡಿದ ಬೆಳ್ಳಿಯ ಸಕ್ಕರೆ ಡಬ್ಬಿಗಳಲ್ಲಿ ಇಂದು ಉಳಿದಿರುವವು ಹತ್ತರ ಆಸುಪಾಸು. 1680ರ ದಶಕದಲ್ಲಿ ಕೋನಿ ಮಾಡಿದ ಒಂದು ಡಬ್ಬಿ ಬೋಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿದೆ. ಮುಚ್ಚಳದ ಹಿಡಿ ಸುರುಳಿ ಸುತ್ತಿಕೊಂಡ ಹಾವು!

ಸಕ್ಕರೆಗೇಕೆ ಬೆಳ್ಳಿ ಡಬ್ಬಿ ಅಂತೀರಾ? ಆಗ ಅದು ಅಷ್ಟು ದುಬಾರಿ. ನಮ್ಮ ಸಕ್ಕರೆ, ಅವರ ಶುಗರ್ ಎರಡೂ ಸಂಸ್ಕೃತದ ಶರ್ಕರಾದಿಂದ ಹುಟ್ಟಿದ ಪದಗಳು. ಹೆಸರೇನೋ ನಮ್ಮ ಕಡೆಯದು, ಆದರೆ ಬೋಸ್ಟನ್ನಿಗೆ ಬರುತ್ತಿದ್ದ ಸಕ್ಕರೆ ಕೆರಿಬಿಯನ್ ದ್ವೀಪಗಳದ್ದು, ಆಫ್ರಿಕಾದಿಂದ ಹಡಗಲ್ಲಿ ತುಂಬಿ ತಂದ ಗುಲಾಮರ ಬೆವರಿನದ್ದು. ಇನ್ನು ಬೆಳ್ಳಿ? ಬಹುಪಾಲು ಸ್ಪೇನಿನ ವಸಾಹತುಗಳ ಗಣಿಗಳಿಂದ ಬಂದದ್ದು. ಅವುಗಳಲ್ಲಿ ಹೆಸರಾದದ್ದು ಈಗಿನ ಬೊಲಿವಿಯಾದ ಪೊಟೊಸಿ. ಅಲ್ಲಿ 1570ರ ದಶಕದಿಂದ ಮೂಲನಿವಾಸಿಗಳನ್ನು ಊರೂರಿನಿಂದ ಸರದಿಯ ಮೇಲೆ ಕರೆತಂದು ಕಡ್ಡಾಯವಾಗಿ ದುಡಿಸುತ್ತಿದ್ದರು.

ಪಾತ್ರೆಯ ಮೇಲೆ ಯಜಮಾನನ ಗುರುತಿದೆ, ಅಕ್ಕಸಾಲಿಗನ ಮುದ್ರೆಯಿದೆ. ಗಣಿ ತೋಡಿದವರ, ಕಬ್ಬು ಕಡಿದವರ ಹೆಸರು ಮಾತ್ರ ಎಲ್ಲೂ ಇಲ್ಲ. ಕಳ್ಳರ ಭಯಕ್ಕೆ ಕೆತ್ತಿಸಿದ ಆ ಅಕ್ಷರಗಳನ್ನು ಕಂಡಾಗ, ಎಲ್ಲರಿಗಿಂತ ಮೊದಲು ಕಳೆದುಕೊಂಡವರು ಯಾರು ಅಂತ ಕೇಳಬೇಕೆನಿಸುತ್ತದೆ.